ಎರಡು ರಿಂಗಿಗೆ ಅಕ್ಕಿ

೧

ಈ ಕಥೆಯನ್ನು ಅಕ್ಕಿಯಿಂದ ಶುರು ಮಾಡಲೋ ಸಿಮ್ಮಿನಿಂದ ಶುರು ಮಾಡಲೋ ಎಂಬುದು ನನಗಿನ್ನೂ ಇತ್ಯರ್ಥವಾಗಿಲ್ಲ. ಅಕ್ಕಿಯಿಂದ ಶುರು ಮಾಡಿದರೆ ಅಡುಗೆಮನೆ ಕಥೆ ಎಂದುಕೊಂಡು ನೀವು ಪುಟ ಮಗುಚುತ್ತೀರಿ. ಸಿಮ್ಮಿನಿಂದ ಶುರು ಮಾಡಿದರೆ ಮೊಬೈಲ್ ಅಂಗಡಿಯ ಪಾಂಪ್ಲೆಟ್ ಎಂದುಕೊಳ್ಳುತ್ತೀರಿ. ಮೊದಲ ಡ್ರಾಫ್ಟ್ "ಸಂಜೆ ಆರು ಹತ್ತಕ್ಕೆ ಸತ್ತವನ ಫೋನ್ ಬಂತು" ಎಂದು ಶುರುವಾಗಿತ್ತು. ಹರಿದು ಹಾಕಿದೆ. (ಹರಿದದ್ದು ಸುಳ್ಳು. ಡಿಲೀಟ್ ಮಾಡಿದೆ. ಹರಿದೆ ಅಂದರೆ ಲೇಖಕನಿಗೊಂದು ಗತ್ತು, ಅಷ್ಟೆ.) ಅಷ್ಟು ದೊಡ್ಡ ವಾಕ್ಯವನ್ನು ಮೊದಲೇ ಖರ್ಚು ಮಾಡಿಬಿಟ್ಟರೆ ಆಮೇಲೆ ನಿಮಗೆ ಬಡಿಸಲು ಏನು ಉಳಿಯುತ್ತದೆ?

ನಾನು ಶ್ರೀಹರ್ಷ. ಊರು ದಾವಣಗೆರೆ. ಈಗ, ಈ 2008ರಲ್ಲಿ, ತಿರುಪ್ಪೂರಿನ ಒಂದು ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಮರ್ಚಂಡೈಸರ್ ಆಗಿದ್ದೇನೆ. ಹಗಲೆಲ್ಲ ಜರ್ಮನಿಯವರಿಗೆ "ಗುಂಡಿ ಬರುವುದು ತಡವಾಗಿದೆ, ಕ್ಷಮಿಸಿ" ಎಂದು ಮೇಲ್ ಬರೆಯುವುದು, ಉಳಿದ ಹೊತ್ತಿನಲ್ಲಿ ಯಾರೂ ಕೇಳದ ಕಥೆ ಬರೆಯುವುದು.

ಇನ್ನೊಂದು ಮಾತು. ಈ ಕಥೆಯ ಭಾಗಗಳಿಗೆ ನಂಬರ್ ಹಾಕಿದ್ದೇನೆ. ಒಂದು, ಎರಡು ಆದಮೇಲೆ ಮತ್ತೆ ಒಂದೇ ಬರುತ್ತದೆ. ಪ್ರೆಸ್ಸಿನವರನ್ನು ಬೈಯಬೇಡಿ, ಪಾಪ. ಮೂರು ಎಂದು ಬರೆಯಲು ನನಗೆ ಹೆದರಿಕೆ.

೨

ನಮ್ಮ ಫ್ಯಾಕ್ಟರಿಯ ಚೆಕಿಂಗ್ ಸೆಕ್ಷನ್ನಿನಲ್ಲಿ ಧರಣಿ ಎಂಬ ಹುಡುಗಿ ಇದ್ದಾಳೆ. ಇಪ್ಪತ್ತೆರಡರ ವಯಸ್ಸು, ಕಂಪನಿಯ ಹಾಸ್ಟೆಲ್ಲಿನಲ್ಲಿ ವಾಸ. ನಾನು ಫೋನಿನಲ್ಲಿ ಮನೆಯವರೊಂದಿಗೆ ಮಾತಾಡುವುದನ್ನು ಕೇಳಿಸಿಕೊಂಡು ಒಂದು ದಿನ ತಡೆದು ನಿಲ್ಲಿಸಿದಳು.

"ನೀವು ಕನ್ನಡವಾಂಗ ಸಾರ್? ನಮ್ಮನೇಲೂ ಕನ್ನಡಂದಾನೆ."

ಅವರ ಮನೆ ಕೊಯಮತ್ತೂರಿನ ಹತ್ತಿರದ ಅನ್ನೂರಿನಲ್ಲಿ. ಯಾವ ಕಾಲದಲ್ಲಿ ಬಂದರೋ ಅವರಿಗೇ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಒಬ್ಬರಿಗೂ ಬರುವುದಿಲ್ಲ. ತಾಯಿ ಅಕ್ಕಮ್ಮ ತಿರುಪ್ಪೂರಿನ ಫ್ಯಾಕ್ಟರಿಗಳಿಂದ ಬನಿಯನ್ ಬಟ್ಟೆಯ ಕಟಿಂಗ್ ಚೂರು ತರಿಸಿ, ಬಣ್ಣ ಬಣ್ಣ ಬೇರೆ ಮಾಡಿ, ಕೊಯಮತ್ತೂರಿನ ಲೇತ್ ವರ್ಕ್‌ಶಾಪುಗಳಿಗೆ ಒರೆಸುವ ಬಟ್ಟೆಯಾಗಿ ಮಾರುವಾಕೆ. ತಂದೆ ದೊಡ್ಡಯ್ಯ ಆ ಚೂರಿನ ಮೂಟೆಗಳನ್ನು ಟೆಂಪೋದಲ್ಲಿ ಸಾಗಿಸುತ್ತಿದ್ದವರು. ಹನ್ನೊಂದು ತಿಂಗಳ ಹಿಂದೆ ಆಕ್ಸಿಡೆಂಟಿನಲ್ಲಿ ಹೋದರು.

ಸಮಸ್ಯೆ ಅಕ್ಕಮ್ಮನ ಫೋನಿನದು. ಮೊಬೈಲ್ ಕಂಪನಿಯೊಂದು ತನ್ನ ಸಿಮ್ಮಿನ ಜೊತೆಗೇ ಮಾರಿದ ಹ್ಯಾಂಡ್‌ಸೆಟ್ಟು, ಬೇರೆಯವರ ಸಿಮ್ ಹಾಕಿದರೆ ಬಾಯಿ ಬಿಡುವುದಿಲ್ಲ. (ಕಂಪನಿಯ ಹೆಸರು ಬರೆಯುವುದಿಲ್ಲ. ಅವರಿಗೆ ಲಾಯರ್ ಇದ್ದಾರೆ, ನನಗೆ ಇಲ್ಲ.) ಹಾಸ್ಟೆಲ್ ಹುಡುಗಿಯರ ಹತ್ತಿರ ಇರುವುದು ಇನ್ನೊಂದು, ಅಗ್ಗದ ಕಂಪನಿಯ ಸಿಮ್. ಆ ಕಂಪನಿಯ ಒಂದು ಸಿಮ್ಮಿನಿಂದ ಇನ್ನೊಂದಕ್ಕೆ ಮಾತು ಫ್ರೀ.

"ಈಗ ಫೋನ್ ಮಾಡಿದ್ರೆ ಅಮ್ಮ ಒಂದು ನಿಮಿಷಕ್ಕೇ ಕಾಸು ಹೋಗುತ್ತೆ, ಇಡು ಇಡು ಅಂತಾಳೆ ಸಾರ್. ಬೇರೆ ಯಾರ ಹತ್ತಿರಾನೂ ಮಾತಾಡಲ್ಲ. ಸಾಯಂಕಾಲ ಆದ್ರೆ ಇಬ್ಬರಿಗೆ ಅನ್ನ ಮಾಡ್ತಾಳೆ. ಆ ಫೋನಿನ ಬೀಗ ತೆಗೆಸಿಕೊಡಿ. ನಂಗೆ ನಮ್ಮಮ್ಮ ಬೇಕು."

ಕಂಪ್ಯೂಟರ್ ಮುಂದೆ ಕೂರುವವನಿಗೆ ಎಲ್ಲವೂ ಗೊತ್ತಿರುತ್ತದೆಂದು ಆ ಹುಡುಗಿಯ ನಂಬಿಕೆ. ನಾನೂ ಹೌದು ಹೌದು ಎಂದು ತಲೆಯಾಡಿಸಿದೆ. ಗಂಡಸಿನ ಬುದ್ಧಿ.

೧

ಮಿಸ್ಡ್ ಕಾಲ್ ಎಂಬುದೇ ಒಂದು ಭಾಷೆ. ಅಕ್ಕಮ್ಮ ಮತ್ತು ದೊಡ್ಡಯ್ಯನವರ ನಡುವೆ ಅದಕ್ಕೆ ಮೂರೇ ಮಾತು. ದೊಡ್ಡಯ್ಯ ದಿನವೂ ಮನೆಗೆ ಬರುವ ದಾರಿಯಲ್ಲಿ ಅವಿನಾಶಿಯ ಸೇತುವೆ ಹತ್ತಿರ ಗಾಡಿ ನಿಲ್ಲಿಸಿ ರಿಂಗ್ ಕೊಡುತ್ತಿದ್ದರು. ಒಂದು ರಿಂಗ್ ಆದರೆ, ತಡವಾಗುತ್ತದೆ, ನೀನು ಉಂಡುಬಿಡು. ಎರಡಾದರೆ, ಅಕ್ಕಿ ಹಾಕು, ಅನ್ನ ಆಗುವಷ್ಟರಲ್ಲಿ ಬರುತ್ತೇನೆ. ಮೂರಾದರೆ, ಏನೋ ಎಡವಟ್ಟು, ಎತ್ತು. ಒಂದಕ್ಕೂ ಎರಡಕ್ಕೂ ಎತ್ತುವ ಹಾಗೇ ಇಲ್ಲ. ಎತ್ತಿದರೆ ಕಾಸು ದಂಡ, ದೊಡ್ಡಯ್ಯನ ಮುಖ ಎರಡು ದಿನ ಗಡಿಗೆ.

ಅವತ್ತು ಆರು ಹತ್ತಕ್ಕೆ ಬಂದದ್ದು ಮೂರು. ಆ ಹೊತ್ತಿಗೆ ಲಾರಿ ಟೆಂಪೋಗೆ ಗುದ್ದಿಯಾಗಿತ್ತು. ಅಕ್ಕಮ್ಮ ಎರಡು ರಿಂಗ್ ಕೇಳಿ ಎದ್ದು ಅಕ್ಕಿ ಡಬ್ಬಿಗೆ ಕೈ ಹಾಕಿದ್ದರು. ಮೂರನೆಯದು ಕಿವಿಯಲ್ಲೇ ಉಳಿದ ಸದ್ದು ಅಂದುಕೊಂಡರು. ಅಕ್ಕಿ ಹಾಕಿದರು. ಅನ್ನ ಆಯಿತು. ದೊಡ್ಡಯ್ಯ ಬರಲಿಲ್ಲ. (ಈ ಪ್ಯಾರಾದ ಮೇಲೆ ಒಂದು ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಆಮೇಲೆ ಬೇಕಾಗುತ್ತದೆ.)

ಕರ್ಮಾಂತರ ಮುಗಿದ ಮಾರನೇ ದಿನ ಆರು ಹತ್ತಕ್ಕೆ ಫೋನ್ ಎರಡು ಸಲ ರಿಂಗಾಗಿ ನಿಂತಿತು. ಸ್ಕ್ರೀನಿನ ಮೇಲೆ ಅಪ್ಪ ಎಂದು ಬಂತು. ಧರಣಿ ಹಿಂದೆ ಸಿಮ್ಮಿನಲ್ಲಿ ಸೇವ್ ಮಾಡಿದ್ದ ಹೆಸರು. ಅವತ್ತು ಆ ಮೂರು ರಿಂಗ್ ಕೊಟ್ಟದ್ದೇ ದೊಡ್ಡಯ್ಯನ ಒಡೆದ ಫೋನಿನ ಕೊನೆ, ಮತ್ತೆ ಅದು ಹೊತ್ತಿಕೊಳ್ಳಲಿಲ್ಲ. ಆ ನಂಬರಿಗೆ ಮಾಡಿದರೆ ಹೆಂಗಸೊಬ್ಬಳು ತಮಿಳಿನಲ್ಲಿ ಈ ನಂಬರ್ ಬಳಕೆಯಲ್ಲಿಲ್ಲ ಎನ್ನುತ್ತಾಳೆ. ಆದರೂ ದಿನಾ ಆರು ಹತ್ತಕ್ಕೆ ಎರಡು. ಅಕ್ಕಮ್ಮ ನಿಯಮದಂತೆ ಎತ್ತುವುದಿಲ್ಲ, ಎದ್ದು ಅಕ್ಕಿ ಹಾಕುತ್ತಾರೆ. ಅನ್ನ ಆಗುವ ಹೊತ್ತಿಗೆ ಗೇಟಿನ ಮುಂದೆ ಟೆಂಪೋದ ಬಾಗಿಲು ಹಾಕಿದ ಸದ್ದು, ಎರಡು ಸಲ. ಚಿಲಕ ಸಡಿಲವಾಗಿತ್ತು, ಒಂದೇ ಸಲಕ್ಕೆ ಕೂರುತ್ತಿರಲಿಲ್ಲ. ಹೋಗಿ ನೋಡಿದರೆ ಯಾರೂ ಇರುವುದಿಲ್ಲ.

"ಮೂರನೇದು ಒಂದೇ ಒಂದ್ಸಲ ಬರಲಿ ಕಣ್ಣು," ಎಂದರು ಅಕ್ಕಮ್ಮ, ಫೋನ್ ನೋಡಲೆಂದು ಧರಣಿಯ ಜೊತೆ ನಾನು ಅನ್ನೂರಿಗೆ ಹೋದ ದಿನ. (ಆ ಕಡೆ ಕಣ್ಣು ಅಂದರೆ ಮಗೂ ಅಂದ ಹಾಗೆ.) "ಎತ್ತಿ ಒಂದು ಮಾತು ಹೇಳಬೇಕು. ಅದಕ್ಕೇ ಈ ಸಿಮ್ಮು ಬಿಡಲ್ಲ ನಾನು."

ಯಾವ ಮಾತು ಎಂದು ನಾನು ಕೇಳಲಿಲ್ಲ. ದೊಡ್ಡ ಕಥೆಗಾರ ನೋಡಿ.

೨

ಒಂದು ಭಾನುವಾರ ಧರಣಿ ಹೇಗೋ ತಾಯಿಯನ್ನು ಒಪ್ಪಿಸಿ ತಿರುಪ್ಪೂರಿಗೆ ಕರೆಸಿಕೊಂಡಳು. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಲೋಗನಾಥನ್ ಎಂಬುವನ ಮೊಬೈಲ್ ಅಂಗಡಿ. (ಅವನು ಆಡಿದ್ದೆಲ್ಲ ತಮಿಳು. ನಾನು ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ, ಇಳಿಸುವಾಗ ಬೈಗುಳ ಸೋರಿಹೋಗಿವೆ.) ಅವನು ಫೋನಿನ ಹೊಟ್ಟೆ ತೆರೆದು ಒಳಗೆ ಅಚ್ಚಾಗಿದ್ದ ನಂಬರ್ ಬರೆದುಕೊಂಡು, ಕಂಪ್ಯೂಟರಿನಲ್ಲಿ ಬೀಗ ಬಿಡಿಸುವ ಕೋಡುಗಳನ್ನು ತೆಗೆದ.

"ಐದೇ ಚಾನ್ಸ್. ಐದೂ ತಪ್ಪಿದ್ರೆ ಇದು ಕಲ್ಲು. ಆಮೇಲೆ ಉಪ್ಪಿನಕಾಯಿ ಜಾಡಿ ಮೇಲೆ ಇಡಬೇಕು, ಅಷ್ಟೆ."

ಅಕ್ಕಮ್ಮ ಕೇಳಿದರು: "ಬೀಗ ತೆಗೆದ್ರೆ, ಆ ನಂಬರಿಗೆ ಬರೋದು ಇದಕ್ಕೂ ಬರುತ್ತಾ?"

"ಇಲ್ಲಮ್ಮ. ಹೊಸ ಸಿಮ್ಮಿಗೆ ಹೊಸ ನಂಬರ್. ಹಳೇದು ಹೋಯ್ತು ಅಂತಲೇ ಲೆಕ್ಕ."

ಅಕ್ಕಮ್ಮ ಫೋನನ್ನು ವಾಪಸ್ ಎಳೆದುಕೊಂಡರು. ಆಗ ಧರಣಿ ಅಂಗಡಿಯಲ್ಲೇ, ಎಲ್ಲರೆದುರಿಗೇ ಅತ್ತುಬಿಟ್ಟಳು. "ಅಮ್ಮ, ಅಪ್ಪ ಹೋದ್ರು. ನಾನು ಬದುಕಿದೀನಿ. ನನ್ನ ಹತ್ತಿರ ಮಾತಾಡಮ್ಮ!"

ಅಕ್ಕಮ್ಮ ಮಗಳ ಕಡೆ ತಿರುಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಫೋನನ್ನು ಗಾಜಿನ ಮೇಲೆ ಇಟ್ಟು "ತೆಗಿ" ಎಂದರು.

ನಾಲ್ಕು ಕೋಡು ತಪ್ಪಿದವು. ಲೋಗನಾಥನ್ ಬೆವರೊರೆಸಿಕೊಂಡು, ಗೋಡೆಯ ಮುರುಗನ್ ಪಟಕ್ಕೆ ಕೈ ಮುಗಿದು ಐದನೆಯದನ್ನು ಒತ್ತಿದ. ಬೀಗ ಬಿಟ್ಟಿತು. ಗಂಟೆ ಆರು ಐದು. ಹೊಸ ಸಿಮ್ ಹಾಕಿದ ಫೋನನ್ನು ಮಧ್ಯೆ ಇಟ್ಟುಕೊಂಡು ನಾಲ್ವರೂ ನಿಂತೆವು. ಆರು ಹತ್ತಾಯಿತು. ಆರೂಕಾಲಾಯಿತು. ಏನೂ ಇಲ್ಲ.

"ಸರಿ," ಎಂದರು ಅಕ್ಕಮ್ಮ. "ಅನ್ನೂರು ಬಸ್ಸು ಎಷ್ಟು ಹೊತ್ತಿಗೆ?"

೧

ಇಲ್ಲಿಗೆ ಮುಗಿಸಬಹುದಿತ್ತು. ಒಳ್ಳೆಯ ಅಂತ್ಯ, ಪತ್ರಿಕೆಯವರಿಗೂ ಇಷ್ಟವಾಗುತ್ತಿತ್ತು. ನನಗೆ ಸಮಾಧಾನವಾಗದೆ ಇನ್ನೊಂದು ಅಂತ್ಯ ಬರೆದೆ. ಅದರಲ್ಲಿ ರಿಂಗ್ ಕೊಡುತ್ತಿದ್ದವಳು ಧರಣಿಯೇ, ಅಮ್ಮನ ಸಂಕಟ ನೋಡಲಾರದೆ. ಕ್ಯಾಂಟೀನಿನಲ್ಲಿ ಅವಳಿಗೆ ಓದಿ ಹೇಳಿದೆ. ಕೆಂಡವಾದಳು.

"ಏನ್ ಸಾರ್ ನೀವು! ಆರು ಗಂಟೆಗೆ ನಾನು ಲೈನಲ್ಲಿ ನಿಂತಿರ್ತೀನಿ, ಫೋನು ವಾಚ್‌ಮನ್ ಪೆಟ್ಟಿಗೇಲಿ ಇರುತ್ತೆ. ಇಲ್ಲದ ನಂಬರಿಂದ ನಾನೆಂಗೆ ಮಾಡ್ಲಿ? ಹೊಡೆದು ಹಾಕಿ ಅದನ್ನ."

ಹೊಡೆದು ಹಾಕಿದೆ. ಈಗ ನಿಜ ಹೇಳುತ್ತೇನೆ. ಹಳೇ ಸಿಮ್ಮನ್ನು ಲೋಗನಾಥನ್ ಕಸದ ಬುಟ್ಟಿಗೆ ಹಾಕಿದ. ಅವನು ಅತ್ತ ತಿರುಗಿದಾಗ ನಾನು ಅದನ್ನೆತ್ತಿ ಜೇಬಿಗೆ ಸೇರಿಸಿದೆ. ಕಥೆಗೆ ಬೇಕಾಗುತ್ತದೆ ಅಂದುಕೊಂಡೆ. ಮಾರನೇ ದಿನ ರೂಮಿನಲ್ಲಿ ನನ್ನದೊಂದು ಹಳೇ ಹ್ಯಾಂಡ್‌ಸೆಟ್ಟಿಗೆ ಹಾಕಿ ಕೂತೆ. ಆರು ಹತ್ತಕ್ಕೆ ಎರಡು ರಿಂಗ್. ಅಪ್ಪ.

ನಾನು ಮೆಸ್ಸಿನಲ್ಲಿ ಉಣ್ಣುವವನು. ರೂಮಿನಲ್ಲಿ ಅಕ್ಕಿ ಎಲ್ಲಿಂದ ಬರಬೇಕು? ಸುಮ್ಮನೆ ಕೂತೆ. ಅರ್ಧ ಗಂಟೆಗೆ ಕೆಳಗೆ ಬಾಗಿಲು ಹಾಕಿದ ಸದ್ದು, ಎರಡು ಸಲ. ನಮ್ಮ ಓಣಿಗೆ ಆಟೋ ಕೂಡ ನುಗ್ಗುವುದಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಮೊದಲ ಮಹಡಿಯವರೆಗೆ ಬಂದು ನಿಂತಿತು, ಇಳಿದು ಹೋಯಿತು. ಮಾರನೇ ದಿನ ಎರಡನೇ ಮಹಡಿಯವರೆಗೆ ಬಂತು. ನನ್ನ ರೂಮಿರುವುದು ಅದರ ಮೇಲಿನದರಲ್ಲಿ. ಅದರ ಮಾರನೇ ದಿನ ಆಫೀಸಿನಿಂದ ಬೇಗ ಹೊರಟು ಸ್ಟೌ, ಪಾತ್ರೆ, ಎರಡು ಕಿಲೋ ಅಕ್ಕಿ ತಂದೆ. ನಗಬೇಡಿ. ನಿಮ್ಮ ಮೆಟ್ಟಿಲ ಮೇಲೆ ಬರಲಿ, ಆಮೇಲೆ ಮಾತಾಡೋಣ. ಅಕ್ಕಿ ಹಾಕಿದ ದಿನ ಬಾಗಿಲ ಸದ್ದು ಮಾತ್ರ, ಹೆಜ್ಜೆ ಹತ್ತುವುದಿಲ್ಲ. ಅವಧಿ ಮುಗಿಯುವ ಮೊದಲೇ ಆ ದುಬಾರಿ ಸಿಮ್ಮಿಗೆ ರೀಚಾರ್ಜ್ ಮಾಡಿಸತೊಡಗಿದೆ. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ.

೨

ತಿಂಗಳು ಕಳೆದ ಮೇಲೆ ತಡೆಯಲಾಗದೆ, ಒಂದು ಭಾನುವಾರ ಆ ಹ್ಯಾಂಡ್‌ಸೆಟ್ಟನ್ನೂ ಈ ಕಥೆಯನ್ನೂ ಚೀಲಕ್ಕೆ ಹಾಕಿಕೊಂಡು ಅನ್ನೂರಿನ ಬಸ್ ಹತ್ತಿದೆ. ಅಕ್ಕಮ್ಮ ಪಡಸಾಲೆಯಲ್ಲಿ ಚೂರಿನ ರಾಶಿಯ ನಡುವೆ ಕೂತು ಬಿಳಿಯದನ್ನು ಆರಿಸುತ್ತಿದ್ದರು. ಮುಖ ಗೆಲುವಾಗಿತ್ತು. ಸಿಮ್ ಕದ್ದದ್ದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಏನೋ ಬರ್ದಿದೀಯಂತೆ, ಓದು ನೋಡಾಣ," ಎಂದರು. ಓದಿದೆ.

"ಸೆರಗಲ್ಲಿ ಕಣ್ಣೊರೆಸ್ಕೊಂಡೆ ಅಂತ ಯಾರು ಹೇಳಿದ್ದು? ನಾನು ಅವತ್ತು ಅಳ್ಳೇ ಇಲ್ಲ."

"ಕಥೆಗೆ ಇರಲಿ ಅಂತ..."

"ಕಥೇಗೆ ಬೇಕಾದ್ರೆ ನೀನು ಅಳು. ಆಮೇಲೆ ಆ ಮೊದಲ್ನೇ ಮಾತು, ಸತ್ತವನ ಫೋನು ಗೀನು ಅಂತ. ಹಂಗೆಲ್ಲಾ ಹೇಳಬಾರ್ದು. ಅವರು ನಮ್ಮನೆಯೋರು."

ಆರು ಗಂಟೆಗೆ ಅವರ ಫೋನ್ ಬಂತು. ಧರಣಿ. ಹಾಸ್ಟೆಲ್ ಸಾರಿನಲ್ಲಿ ಹುಳ ಸಿಕ್ಕಿದ್ದು, ಯಾರದೋ ಮದುವೆ ಗೊತ್ತಾಗಿದ್ದು, ಮಾತು ಮುಗಿಯುವಂತೆಯೇ ಇರಲಿಲ್ಲ. ಅಕ್ಕಮ್ಮ ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆರು ಹತ್ತಕ್ಕೆ ನನ್ನ ಚೀಲದೊಳಗೆ ರಿಂಗಾಯಿತು. ಒಂದು. ಎರಡು. ಅಕ್ಕಮ್ಮನ ಮಾತು ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದ ಬಿಳಿ ಚೂರನ್ನು ಗಟ್ಟಿಯಾಗಿ ಹಿಡಿದರು. ಆಮೇಲೆ, "ಹೇಳು ಕಣ್ಣು, ಆಮೇಲೆ ಏನಾಯ್ತು?" ಎಂದು ಮಗಳನ್ನು ಕೇಳಿದರು. ಅಡುಗೆಮನೆ ಕಡೆ ಹೋಗಲಿಲ್ಲ.

ಮಾತು ಮುಗಿದ ಮೇಲೆ ನಾನು ಹ್ಯಾಂಡ್‌ಸೆಟ್ಟನ್ನು ಅವರ ಮುಂದೆ ಇಟ್ಟೆ. ಅವರು ವಾಪಸ್ ತಳ್ಳಿದರು.

"ಬೇಡ. ನೀನೇ ಇಟ್ಕೋ. ಅಕ್ಕಿ ಹಾಕ್ತಿದೀಯಲ್ಲ, ಹಾಕು. ಹಸ್ಕೊಂಡಿರಕ್ಕೆ ಬಿಡಬೇಡ. ಮೂರನೇದು ಬಂದ್ರೆ ಎತ್ತಿ ನೀನೇ ಹೇಳು."

"ಏನಂತ ಹೇಳಲಿ?"

"ಅಕ್ಕಮ್ಮಂಗೆ ಅವತ್ತು ಮೂರೂ ಕೇಳಿಸ್ತು ಅಂತ ಹೇಳು." ಅವರು ರಾಶಿಯಿಂದ ಒಂದು ಕಪ್ಪು ಚೂರು ಹೆಕ್ಕಿ ಪಕ್ಕಕ್ಕೆ ಹಾಕಿದರು. "ಬೆಳಿಗ್ಗೆ ಜಗಳ ಆಡಿದ್ವು. ಬಿಳಿ ಮೂಟೇಲಿ ಕಪ್ಪು ಬೆರೆಸ್ಕೊಂಡು ಬಂದಿದ್ರು. ಮೂರು ಬಂತು. ಸ್ವಲ್ಪ ಒದ್ದಾಡಲಿ ಅಂತ ಬೇಕೂ ಅಂತ ಎತ್ತಲಿಲ್ಲ. ಧರಣಿಗೂ ಹೇಳಿಲ್ಲ ಇದನ್ನ."

"ನೀವೇ ಹೇಳಬಹುದಲ್ಲ," ಎಂದೆ.

"ನನ್ನ ದನಿ ಕೇಳಿದ್ರೆ ಪರವಾಗಿಲ್ಲ ಬಿಡು ಅಂತಾರೆ ಅವರು. ಅದನ್ನ ಕೇಳಕ್ಕೆ ನಂಗೆ ಆಗಲ್ಲ ಕಣ್ಣು."

೧

ನೀವು ಪೆನ್ಸಿಲ್ ಗುರುತು ಹಾಕಿದ ಪ್ಯಾರಾ ಸುಳ್ಳು ಎಂದಾಯಿತು. ಅದನ್ನು ತಿದ್ದಬೇಕು. ತಿದ್ದಲು ಎರಡು ಸಲ ಕೂತೆ, ಕೈ ಬರಲಿಲ್ಲ. ಹೆಚ್ಚುಕಡಿಮೆ ಒಂದು ವರ್ಷ ಆ ಸುಳ್ಳನ್ನೇ ನಂಬಿಸಿಕೊಂಡು ಬದುಕಿದವರದು ಅದು, ಅಲ್ಲೇ ಇರಲಿ. ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡುತ್ತಿಲ್ಲ. ಪರವಾಗಿಲ್ಲ ಬಿಡು ಎಂದು ಆ ಕಡೆಯಿಂದ ನನಗೇ ಹೇಳಿದರೆ, ಅದನ್ನು ಅನ್ನೂರಿಗೆ ಮುಟ್ಟಿಸಲೋ ಬೇಡವೋ? ಮುಟ್ಟಿಸಿದರೆ ಅಕ್ಕಮ್ಮ ಏನಾಗುತ್ತಾರೆ? ಮುಟ್ಟಿಸಿದರೊಂದು, ಮುಟ್ಟಿಸದಿದ್ದರೊಂದು, ಹೀಗೆ ಈ ಕಥೆಗೆ ಎರಡು ಅಂತ್ಯಗಳಿವೆ, ಎರಡೂ ನನಗೆ ಬೇಡ.

ಇವತ್ತು ಮಂಗಳವಾರ. ಅಕ್ಕಿ ತೊಳೆದು ಇಟ್ಟಿದ್ದೇನೆ. ಸ್ಟೌ ಹಚ್ಚಿಲ್ಲ, ರಿಂಗ್ ಆಗಲಿ ಎಂದು. ಆರು ಒಂಬತ್ತು. ಹ್ಯಾಂಡ್‌ಸೆಟ್ ಈ ಕೀಬೋರ್ಡಿನ ಪಕ್ಕದಲ್ಲೇ ಇದೆ. ಈಗ ಒಂದಾಯಿತು.

೨

ಎರಡಾಯಿತು. ಬೆಂಕಿಕಡ್ಡಿ ಕೈಯಲ್ಲಿದೆ. ಇನ್ನು ನಿಲ್ಲಬೇಕು, ದಿನಾ ಇಲ್ಲಿಗೇ ನಿಲ್ಲುತ್ತದೆ.

೩

ಕ್ಷಮಿಸಿ. ಇದನ್ನು ಎತ್ತಬೇಕು.