ಅಂಗೂಸ್ತಿಯಾಸ್ ಎಂಬ ಹೆಸರಿನ ಜಗಳ

ನಮ್ಮ ಊರಲ್ಲಿ ಹೆಸರಿಗೂ ಮನುಷ್ಯರಿಗೂ ಸಂಬಂಧ ಹುಡುಕಲು ಹೋದವರು ಕೆಟ್ಟರು. ನಮ್ಮ ಭಾಷೆಯಲ್ಲಿ ಪಾಸ್ ಎಂದರೆ ಶಾಂತಿ. ಆ ಹೆಸರಿನ ಮಹಾತಾಯಿ ನೀರಿನ ತೊಟ್ಟಿಯ ಹತ್ತಿರ ಮೂವರ ಜುಟ್ಟು ಹಿಡಿದಿದ್ದಾಳೆ. ಅಂಗೂಸ್ತಿಯಾಸ್ ಎಂದರೆ ಸಂಕಟಗಳು. ಒಂದು ಸಾಲದು ಅಂತ ಹಲವು! ಆದರೆ ನಮ್ಮ ಅಂಗೂಸ್ತಿಯಾಸ್ ಅಕ್ಕ ನಕ್ಕರೆ ಆಚೆ ಗುಡ್ಡದ ಕತ್ತೆಗಳು ಓಗೊಡುತ್ತವೆ. ಸಂಕಟಪಡುವವರು ಅವಳಲ್ಲ, ನೆರೆಮನೆಯ ನಾವು.

ಗ್ರಾನಾದಾ ಸೀಮೆಯಲ್ಲಿ ಮನೆಗೊಬ್ಬಳು ಅಂಗೂಸ್ತಿಯಾಸ್ ಇದ್ದೇ ಇರುತ್ತಾಳೆ. ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತ ಮಾತೆ ಮರಿಯಾ ನಮ್ಮನ್ನು ಕಾಯುವವಳು. ಅವಳ ಸಂಕಟವನ್ನೇ ನಮ್ಮ ಹೆಣ್ಣುಮಕ್ಕಳಿಗೆ ಹೆಸರಾಗಿ ಇಡುತ್ತೇವೆ.

ಅಕ್ಕನ ಸೊಸೆ ವಿಸಿ. ಅವಳ ಮೊದಲ ಮಗು ಹುಟ್ಟಿದ ಗಂಟೆಯಲ್ಲೇ, ಹೆಸರಿಡುವ ಮೊದಲೇ ತೀರಿಕೊಂಡಿತು. ಮತ್ತೆ ಬಸುರಾದಾಗ ವಿಸಿ ಒಂದು ಕುಲಾವಿ ಹೊಲಿಯಲಿಲ್ಲ. ಮೂರು ತಿಂಗಳು ತುಂಬಿದರೂ ಮಗುವಿನ ಮಾತೇ ಎತ್ತಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಗೋಡೆ ನೋಡುತ್ತ ಕೂರುತ್ತಿದ್ದಳು.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಕ್ಕ ಶುರುಮಾಡಿದಳು.

"ಹೆಣ್ಣಾದ್ರೆ ನನ್ನ ಹೆಸರೇ ಇಡೋದು. ಅಂಗೂಸ್ತಿಯಾಸ್."

ವಿಸಿ ತಟ್ಟೆ ತಳ್ಳಿದಳು. "ಬೇಡ ಅತ್ತೆ. ಆ ತಾಯಿ ಕೂತ ಹಾಗೆ ನಾನೂ ಒಂದು ಸಲ ಕೂತಿದ್ದಾಯ್ತು. ನನ್ನ ಮಗಳಿಗೆ ಆ ಹೆಸರು ಬೇಡವೇ ಬೇಡ. ಔರೋರಾ ಅಂತ ಇಡ್ತೀನಿ."

"ಔರೋರಾನಾ? ಮುಂಜಾವು? ಗಿರಣಿಯೋನ ಹೇಸರಗತ್ತೆಗೂ ಅದೇ ಹೆಸರು ಕಣೆ. ಮಧ್ಯಾಹ್ನದ ತನಕ ಏಳಲ್ಲ ಅದು!"

ಆವತ್ತಿನಿಂದ ಆ ಮನೆಯಲ್ಲಿ ರಾಮಾಯಣ. ಅಕ್ಕ ಸೊಸೆಯ ಹೊಟ್ಟೆಯ ಹತ್ತಿರ ಬಗ್ಗಿ "ಏನೇ ಅಂಗೂಸ್ತಿಯಾಸ್, ಎದ್ಯಾ?" ಎನ್ನುವಳು. ವಿಸಿ ಕಿಡಿಕಿಡಿಯಾಗಿ "ನನ್ನ ಮಗಳು ಔರೋರಾ!" ಎಂದು ಕೂಗುವಳು. ಅಕ್ಕ ಒಂದು ಕುಲಾವಿ ಹೆಣೆದರೆ, ಹಟಕ್ಕೆ ವಿಸಿ ಮೂರು ಹೆಣೆಯುವಳು. ಜಗಳಕ್ಕೆ ತ್ರಾಣ ಬೇಕಲ್ಲ, ಎರಡೆರಡು ತಟ್ಟೆ ಊಟ ಬೇರೆ. ಅಕ್ಕನ ಮಗ ಬ್ಲಾಸ್ ಹೆಂಡತಿಯ ಪರವೂ ಇಲ್ಲ, ತಾಯಿಯ ಪರವೂ ಇಲ್ಲ, ಹೊಲ ಸೇರಿಕೊಂಡ. ಗಂಡಸರ ಬುದ್ಧಿ!

ಹೆಣ್ಣೇ ಹುಟ್ಟಿತು. ದುಂಡಗೆ, ಗಟ್ಟಿ ಗಂಟಲು. ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಮಗುವನ್ನು ಇಗರ್ಜಿಗೆ ಒಯ್ದು ಪಾದ್ರಿಗೆ ಹೆಸರು ಹೇಳುವುದು ಧರ್ಮತಾಯಿಯ ಕೆಲಸ. ಆ ಕರ್ಮ ನನ್ನ ತಲೆಗೆ ಬಂತು.

ಹೊರಡುವಾಗ ವಿಸಿ ನನ್ನ ಕೈ ಹಿಡಿದಳು. "ಕಸಿಲ್ದಾ ಚಿಕ್ಕಮ್ಮ, ಔರೋರಾ. ನಿಮ್ಮ ದಮ್ಮಯ್ಯ."

ದಾರಿಯುದ್ದಕ್ಕೂ ಅಕ್ಕ ನನ್ನ ಪಕ್ಕದಲ್ಲೇ ನಡೆದಳು. ಹಿರಿಯಳನ್ನು ಎದುರು ಹಾಕಿಕೊಂಡು ಈ ಊರಲ್ಲಿ ಬಾಳುವುದುಂಟೇ? ಪಾದ್ರಿ ನೀರು ಹಿಡಿದು "ಹೆಸರೇನಮ್ಮ?" ಎಂದರು. ನಾನು ಅಕ್ಕನ ಮುಖ ನೋಡಿದೆ.

ಅಕ್ಕ ಮೊಣಕೈಯಿಂದ ತಿವಿದಳು. "ಔರೋರಾ ಅಂತ ಹೇಳೇ! ಬಾಯಿಗೆ ಬೀಗ ಬಿತ್ತಾ?"

ನನಗೆ ಉರಿದುಹೋಯಿತು. ಹೊರಗೆ ಬಂದದ್ದೇ "ಮುದುಕಿ, ಆರು ತಿಂಗಳು ನಮ್ಮ ತಲೆ ತಿಂದಿದ್ದು ಯಾಕೆ?" ಎಂದೆ. "ಮನೇಲಿ ನೆಂಟರಿಗೆ ಕಾಯಿಸಿಟ್ಟ ಬಿಸಿ ಚಾಕೊಲೇಟ್ ಆರಿಹೋಗತ್ತೆ, ನಡಿ" ಎಂದು ಮುಂದೆ ಹೋದಳು.

ಮನೆಯಲ್ಲಿ ವಿಸಿ ಹಾಸಿಗೆಯಲ್ಲಿ ನೆಟ್ಟಗೆ ಕೂತಿದ್ದಳು, ಜಗಳಕ್ಕೆ ತಯಾರಾಗಿ. ಅಕ್ಕ ಮಗುವನ್ನು ಅವಳ ಮಡಿಲಿಗೆ ಹಾಕಿದಳು.

"ತಗೋ ನಿನ್ನ ಔರೋರಾನ."

ವಿಸಿ ಬೆಪ್ಪಾದಳು. "ಮತ್ತೆ ಇಷ್ಟು ದಿನ ಜಗಳ ಯಾಕೆ ಆಡಿದ್ರಿ ಅತ್ತೆ?"

"ಇದೂ ಬದುಕಲ್ಲ ಅಂತ ಹೆದರಿ ಸಾಯ್ತಿದ್ದೆ ನೀನು. ಹೆದರಬೇಡ ಅಂದ್ರೆ ಯಾರಾದ್ರೂ ಕೇಳ್ತಾರಾ? ಹೆಸರಿಗೆ ಜಗಳ ಹಚ್ಚಿದೆ. ನನ್ನ ಮಗಳು, ನನ್ನ ಮಗಳು ಅಂತ ದಿನಾ ನನ್ನ ಮೇಲೆ ಕೂಗ್ತಿದ್ದೆ ನೋಡು, ಅದನ್ನ ಕೇಳಿ ನನ್ನ ಹೊಟ್ಟೆ ತಣ್ಣಗಾಗ್ತಿತ್ತು."

ವಿಸಿ ಮಗುವನ್ನು ಅವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು ಅವಳು ಹೇಳಿದಳು, "ಅತ್ತೆ, ಮುಂದಿನದು ಹೆಣ್ಣಾದ್ರೆ ನಿಮ್ಮ ಹೆಸರೇ ಇಡೋಣ."

"ಅಯ್ಯೋ ಪೆದ್ದಿ," ಎಂದಳು ಅಕ್ಕ, "ಈಗಲೇ ಒಪ್ಕೊಂಡುಬಿಟ್ರೆ ಒಂಬತ್ತು ತಿಂಗಳು ಯಾವುದಕ್ಕೆ ಜಗಳ ಆಡೋದೇ?"