ಬೋರ್ಡಿನ ಮೇಲಿನ ತಿಳಿನೀರು

ವಿಜ್ಞಾನದ ಮೇಷ್ಟ್ರಿಗೆ ಈ ವರ್ಷ ಹೊಸ ಹುಚ್ಚು ಹಿಡಿದಿತ್ತು: 'ಮಾಡಿ ಕಲಿ'. ಇಷ್ಟು ಕಾಲ ಕುರ್ಚಿ ಬಿಟ್ಟೇಳದೆ ಪಾಠ ಒಪ್ಪಿಸಿದ ಮನುಷ್ಯ ಯಾವುದೋ ತರಬೇತಿಗೆ ಹೋಗಿ ಬಂದವನೇ ತೋಳು ಮಡಚಿ ನಿಂತುಬಿಟ್ಟ. ಕೆಸರುನೀರನ್ನು ಮಕ್ಕಳ ಕೈಯಲ್ಲೇ ಶುದ್ಧ ಮಾಡಿಸುತ್ತಾನಂತೆ, ಮನೆಯವರೂ ಬಂದು ಕಣ್ತುಂಬಿಕೊಳ್ಳಬೇಕಂತೆ. ಈಗ ನನ್ನ ತಂಗಿಗೆ ಕಲಿಸುತ್ತಿರುವ ಇವನೇ ನನಗೂ ಕಲಿಸಿದ್ದು. ಎಂಟನೇ ಕ್ಲಾಸಿಗೇ ಕೈಮುಗಿದು ನಾನು ಗ್ಯಾರೇಜು ಸೇರಿದೆ.

ಅಮ್ಮನಿಗೆ ಹೊಲಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಗ್ರೀಸಿನ ಕೈಯಲ್ಲೇ ನಾನು ಹೋದೆ, ಅದೂ ತಂಗಿಯ ಮುಖ ನೋಡಿ. "ತಲೆಗೇ ಹತ್ತಲ್ಲ ಕಣೋ, ಅಮ್ಮನ ಜೊತೆ ಹೊಲಿಗೆಗೆ ಹೋಗ್ತೀನಿ" ಎಂದು ಶಾಲೆ ಬಿಡಲು ಪಟ್ಟು ಹಿಡಿದಿದ್ದವಳು, ಈ ಪ್ರಯೋಗದ ಸುದ್ದಿ ಬಂದ ಮೇಲೆ ನೀರು ಸೋಸಿ ಸೋಸಿ ನೋಡುತ್ತಾ ಮನೆಯ ಹತ್ತಿಯನ್ನೆಲ್ಲ ಖಾಲಿ ಮಾಡಿದ್ದಳು. "ಇದೊಂದಾಗ್ಲಿ, ಆಮೇಲೆ ನೋಡೋಣ" ಎಂದಿದ್ದಳು.

ಬುಡ ಕತ್ತರಿಸಿದ ಬಾಟಲಿ ತಲೆಕೆಳಗಾಗಿ ನಿಂತಿತ್ತು. ಕೆಳಗೆ ಹತ್ತಿ, ಮೇಲೆ ಇದ್ದಿಲು, ಮರಳು, ಕಲ್ಲು. ಇದ್ದಿಲನ್ನು ಮಹಾಶಯ ಹಿಟ್ಟಿನಂತೆ ಕುಟ್ಟಿ, ತೊಳೆಯದೆ ತುಂಬಿಸಿದ್ದ. ಬೋರ್ಡಿನ ಮೇಲೆ ಮಾತ್ರ ಮುತ್ತಿನಂಥ ಅಕ್ಷರದಲ್ಲಿ ಮೊದಲೇ ಬರೆದಾಗಿತ್ತು: 'ತೀರ್ಮಾನ: ನೀರು ತಿಳಿಯಾಯಿತು.'

ತಂಗಿ ಕೆಸರುನೀರು ಸುರಿದಳು. ಎಲ್ಲರೂ ಬಗ್ಗಿದರು. ಹಳೇ ಸ್ಕೂಟರಿನಿಂದ ಇಳಿಸಿದ ಆಯಿಲ್‌ನಂತೆ ಕರ್ರಗೆ ತೊಟ್ಟಿಕ್ಕಿತು.

"ಅಯ್ಯೋ, ಹಾಕೋವಾಗ್ಲೇ ವಾಸಿಯಿತ್ತಲ್ರೀ!" ಎಂದಳು ಯಾರದೋ ತಾಯಿ.

"ಸಕ್ಕರೆ ಹಾಕಿ ಸಾರ್, ಕಾಫಿ ಆಗತ್ತೆ!" ಹಿಂದಿನ ಬೆಂಚು ಕಿಸಕ್ಕೆಂದಿತು.

ತಂಗಿ ನಗಲಿಲ್ಲ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಸಾರ್, ಯಾಕ್ ಹಿಂಗಾಯ್ತು?"

ಅವಳು ತಾನಾಗಿ ಒಂದು ಪ್ರಶ್ನೆ ಕೇಳಿದ್ದನ್ನು ಆ ಗೋಡೆಗಳು ಅವತ್ತೇ ಮೊದಲು ಕಂಡಿರಬೇಕು.

"ಪ್ರಯೋಗ ಸರೀನೇ ಇದೆ. ನೀನು ಸುರಿದಿದ್ದು ಸರಿಯಿಲ್ಲ. ಬೋರ್ಡ್ ನೋಡ್ಕೊಂಡು ಓದಮ್ಮ."

"ಆದ್ರೆ ಸಾರ್, ಕಪ್ಪಗಿದೆ..."

"ಓದು ಅಂದೆ."

ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಅವಳು ಕೇಳಿದ್ದಕ್ಕೆ ಹೇಳಿ."

"ಎಂಟನೇ ಕ್ಲಾಸ್ ದಾಟಕ್ಕಾಗ್ದೋನು ನಂಗೆ ಪಾಠ ಹೇಳಕ್ಕೆ ಬಂದ್ಯೇನಪ್ಪಾ?"

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು, ತಾಯಂದಿರೂ ಸೇರಿ. ಆ ನಗು ನಿಲ್ಲಲೆಂದೇ ತಂಗಿ ಬಾಯಿ ತೆರೆದಳು. "ನೀರು ತಿಳಿಯಾಯಿತು."

"ಜೋರಾಗಿ!"

"ನೀರು ತಿಳಿಯಾಯಿತು!"

ಚಪ್ಪಾಳೆ. ಮೇಷ್ಟ್ರು ತನ್ನ ಕುಡಿಯುವ ನೀರನ್ನೇ ಇನ್ನೊಂದು ಲೋಟಕ್ಕೆ ಬಗ್ಗಿಸಿ, ಎತ್ತಿ ಹಿಡಿದು ಫೋಟೋ ಹೊಡೆಸಿಕೊಂಡ. ನಾಚಿಕೆ ಎಂಬುದು ಸಿಲಬಸ್ಸಿನಲ್ಲಿ ಇರಲಿಲ್ಲವೇನೋ.

ಗೇಟಿನ ಹತ್ತಿರ ತಂಗಿ ನಿಂತಳು. "ಅಮ್ಮಂಗೆ ಹೇಳ್ಬಿಡಣ್ಣ, ಸೋಮವಾರದಿಂದ ನಾನೂ ಕೆಲಸಕ್ಕೆ ಬರ್ತೀನಿ ಅಂತ."

"ಇನ್ನೊಂದ್ ವರ್ಷ ಇರೇ."

"ಇದ್ದು?"

ಅವಳ ಚೀಲ ಇಸಿದುಕೊಂಡು ಮನೆಯ ಕಡೆ ನಡೆದೆ.