ಪೆಟ್ಟಿಗೆ ತಳದ ಕಾಗದ

ಸರ್ಕಾರದ ಸಹಾಯಧನ ಪಕ್ಕದ ಹೊಲದವರಿಗೆ ಬಂತು, ಎದುರುಮನೆಯವರಿಗೂ ಬಂತು. ಈ ಮನೆಗೆ ಮಾತ್ರ ಎರಡು ಕಂತಿನಿಂದ ಇಲ್ಲ. ಈರುಳ್ಳಿ ಬಿತ್ತನೆಗೆ ಇನ್ನು ಎರಡೇ ತಿಂಗಳು. ಬೀಜಕ್ಕೆ ದುಡ್ಡು ಹೊಂದಿಕೆಯಾಗದಿದ್ದರೆ ಇಟ್ಟಿಗೆ ಭಟ್ಟಿಯವನಿಗೆ ಹೊಲದ ಮಣ್ಣು ಮಾರಬೇಕು. ಆಗಲೇ ಎರಡು ಸಲ ಬಂದು ಕೇಳಿ ಹೋಗಿದ್ದ.

"ನಮ್ಮ ಮೇಲೆ ಯಾರೋ ಅರ್ಜಿ ಹಾಕಿದಾರೆ," ಎಂದು ಗೊಣಗುತ್ತ ಅಜ್ಜಿ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು.

"ಅರ್ಜಿ ಹಾಕೋರಿಗೆ ಬೇರೆ ಕೆಲಸ ಇಲ್ವಾ ಅಮ್ಮಾ?" ಎನ್ನುತ್ತ ಫೈಲಕ್ಕ ಬಂದಳು. ಕೃಷಿ ಕಚೇರಿಯಲ್ಲಿ ಅವಳಿಗೆ ಕೆಲಸ. ಮದುವೆ ಊಟಕ್ಕೂ ಕಂಕುಳಲ್ಲಿ ಫೈಲು ಇಟ್ಟುಕೊಂಡೇ ಹೋಗುವವಳು, ಅದಕ್ಕೇ ಆ ಹೆಸರು. "ನಿಮ್ಮ ಮಗ ತೀರ್ಕೊಂಡು ವರ್ಷ ಆಯ್ತು. ಹೊಲ ಇನ್ನೂ ಅವರ ಹೆಸರಲ್ಲೇ ಇದೆ. ಪರಿಶೀಲನೆಗೆ ಆ ಹೆಸರಿನ ರೈತ ಬರಲಿಲ್ಲ, ದುಡ್ಡು ನಿಂತಿತು. ಅಷ್ಟೇ."

ಸೊಸೆ ಬಾಗಿಲಿಗೆ ಬಂದಳು. "ಈಗ ಏನು ಮಾಡ್ಬೇಕಕ್ಕ?"

"ಮರಣ ಪತ್ರ, ವಾರಸುದಾರರ ಪತ್ರ, ಹೊಲದ ಕಾಗದ, ಬ್ಯಾಂಕ್ ಪುಸ್ತಕ. ನಾಲ್ಕೇ."

"ಮರಣ ಪತ್ರಾನೇ ಕಳೆದುಹೋಗಿದೆ. ಅಕ್ಕಿ ಡಬ್ಬದೊಳಗೂ ಕೈಯಾಡಿಸಿ ನೋಡಿದೆ."

ಅಜ್ಜಿಯ ಕೈ ನಿಂತಿತು. ಕಾಗದ ಕಳೆದಿರಲಿಲ್ಲ. ಬಂದ ದಿನವೇ ಅವಳು ಅದನ್ನು ತನ್ನ ಪೆಟ್ಟಿಗೆಯ ತಳಕ್ಕೆ, ಉಣ್ಣೆ ಶಾಲಿನ ಅಡಿಗೆ ಸೇರಿಸಿದ್ದಳು. ಗಂಡ ತೀರಿಕೊಂಡಾಗ ಗುಮಾಸ್ತ ಕಚೇರಿ ಪುಸ್ತಕದಲ್ಲಿ ಸ್ಕೇಲಿಟ್ಟು ಅವನ ಹೆಸರಿಗೆ ಕೆಂಪು ಗೆರೆ ಎಳೆದದ್ದನ್ನು ಅವಳು ಕಣ್ಣಾರೆ ನೋಡಿದ್ದಳು.

"ಆ ಕಾಗದ ಕೊಟ್ರೆ ನನ್ ಮಗನ ಹೆಸರು ಹೊಡೆದು ಹಾಕ್ತಾರೆ ತಾನೆ?" ಅಜ್ಜಿಯ ದನಿ ಸಣ್ಣದಾಯಿತು.

ಫೈಲಕ್ಕ ನಗಲಿಲ್ಲ. ಪಕ್ಕದಲ್ಲಿ ಕೂತು ಒಂದು ಮಾದರಿ ಹಾಳೆ ತೆಗೆದಳು. "ಇಲ್ಲಿ ನೋಡಿ. ದಿವಂಗತ ಇಂಥವರ ಹೆಂಡತಿ. ದಿವಂಗತ ಇಂಥವರ ತಾಯಿ. ಅವರ ಹೆಸರು ಎಲ್ಲೂ ಹೋಗಲ್ಲ. ಅದರ ಕೈ ಹಿಡ್ಕೊಂಡೇ ನಿಮ್ಮಿಬ್ಬರ ಹೆಸರು ಕೂರೋದು."

"ನನ್ನ ಹೆಸರೂನಾ?"

"ತಾಯಿಗೂ ಪಾಲಿದೆ. ಸಹಿ ಬರದಿದ್ರೆ ಹೆಬ್ಬೆಟ್ಟು ಸಾಕು."

"ಹೊಲದ ಒಡತಿ ಹೆಬ್ಬೆಟ್ಟು ಒತ್ತೋದಾ? ಮರ್ಯಾದೆ ಬೇಡ್ವಾ? ಸಹಿ ಹಾಕೋದು ಕಲೀತೀನಿ." ಅಜ್ಜಿ ಮಡಿಲಿನ ಸಿಪ್ಪೆ ಕೊಡವಿ ಒಳಗೆ ಹೋದಳು. ಹೊರಬಂದಾಗ ಕೈಯಲ್ಲಿ ಕಾಗದವಿತ್ತು.

"ಅತ್ತೇ! ಇಷ್ಟು ದಿನ ನೀವೇ..."

"ಬೈಯೋದಿದ್ರೆ ದಾರೀಲಿ ಬೈ. ಈಗ ಚಪ್ಪಲಿ ಹಾಕ್ಕೋ, ಕಚೇರಿ ಮುಚ್ಚುತ್ತೆ."

ಎಂಟು ವಾರ ಓಡಾಡಿದರು. ಬಿತ್ತನೆಗೆ ನಾಲ್ಕು ದಿನ ಇರುವಾಗ ಸೊಸೆಯ ಫೋನು ಟಿಣ್ ಎಂದಿತು. ಸಹಾಯಧನ ಜಮೆಯಾಗಿತ್ತು. ಸೊಸೆ ಹೊಸ್ತಿಲ ಮೇಲೇ ಕುಸಿದು ಕೂತು ನಕ್ಕಳು, ಕಣ್ಣೊರೆಸಿಕೊಂಡಳು. ಮತ್ತೆ ಬಂದ ಭಟ್ಟಿಯವನನ್ನು, ಮಣ್ಣು ಕೊಡಲ್ಲವೆಂದು ಬಾಗಿಲಿನಿಂದಲೇ ಕಳಿಸಿದಳು.

ಅಜ್ಜಿಗೆ ಫೋನು ಬೇಕಿರಲಿಲ್ಲ. ಹೊಲದ ಹೊಸ ಕಾಗದ ತೊಡೆಯ ಮೇಲಿಟ್ಟುಕೊಂಡು, "ನನ್ ಮಗನ ಹೆಸರು ಎಲ್ಲಿದೆ, ತೋರಿಸೇ," ಎಂದಳು. ಸೊಸೆ ಬೆರಳಿಟ್ಟ ಕಡೆ ತನ್ನ ಬೆರಳನ್ನೂ ಇಟ್ಟಳು.

"ಇಲ್ಲೇ ಇದಾನೆ," ಎಂದು ಉಸಿರು ಬಿಟ್ಟಳು. "ನಮ್ಮಿಬ್ಬರ ಜೊತೇಲೇ."

ನಿಮ್ಮ ಹೊಲದ ಕಾಗದ ಯಾರ ಹೆಸರಲ್ಲಿದೆ? ಇವತ್ತೇ ತೆಗೆದು ನೋಡಿ. ತೀರಿಹೋದವರ ಹೆಸರಲ್ಲಿದ್ದರೆ ಕಂದಾಯ ಕಚೇರಿಗೆ ತಿಳಿಸಿ, ವಾರಸುದಾರರ ಹೆಸರು ಸೇರಿಸಿ. ಮನೆಯ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ದಲ್ಲಾಳಿಗೆ ಕಾಸು ಕೊಡಬೇಡಿ. ಅರ್ಜಿ ಕೊಟ್ಟಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ. ಪೆಟ್ಟಿಗೆ ತಳದಲ್ಲಿ ಕಾಗದ ಬಚ್ಚಿಟ್ಟಿದ್ದರೆ, ಅಂಜಬೇಡಿ, ಮೇಲೆ ತನ್ನಿ. ಹೋದವರ ಹೆಸರು ಅಳಿಯುವುದಿಲ್ಲ, ಅವರು ಉತ್ತ ಹೊಲ ನಿಮ್ಮ ಕೈಯಲ್ಲಿ ಉಳಿಯುತ್ತದೆ.